ಆಚೆ ಕೇರಿಯ ಹಾಡು, ಈಚೆ ಕೇರಿಯ ನಿದ್ದೆ

ಚಳಿ ಇನ್ನೂ ಮೈಗೆ ಹತ್ತಿರಲಿಲ್ಲ, ಬೆಳಗಿನ ಹೊತ್ತು ಕಾಲ್ಬೆರಳಿಗೆ ಮಾತ್ರ ಗೊತ್ತಾಗುತ್ತಿತ್ತು. ಆಲೂಗಡ್ಡೆಯ ಸೊಪ್ಪು ಒಣಗಿ ಸಾಲುಗಳ ಮೇಲೆ ಮಲಗಿಬಿಟ್ಟಿತ್ತು. ಇನ್ನು ತಡಮಾಡಿದರೆ ಗಡ್ಡೆ ಮಣ್ಣಿನೊಳಗೇ ಕಣ್ಣು ಬಿಡುತ್ತದೆ ಎಂದು ಹಳ್ಳದ ಎರಡೂ ದಡದವರು ಒಟ್ಟೊಟ್ಟಿಗೇ ಹೊಲಕ್ಕಿಳಿದಿದ್ದರು. ದೊಡ್ಡಸೊಸೆ ಬುಡದಿಂದ ಒಂದು ಗೇಣು ಬಿಟ್ಟು ಗುದ್ದಲಿ ಹಾಕುತ್ತಿದ್ದಳು. ಹತ್ತಿರ ಹಾಕಿದರೆ ಗಡ್ಡೆ ಸೀಳುತ್ತದೆ, ದೂರ ಹಾಕಿದರೆ ಬರೀ ಮಣ್ಣು ಏಳುತ್ತದೆ. ಈ ಅಂದಾಜು ಅವಳ ಕೈಗೆ ಎಂದೋ ಕೂತುಬಿಟ್ಟಿತ್ತು. ಆದರೂ ಇವತ್ತು ಗಡ್ಡೆಯ ಮೇಲೆ ಗಡ್ಡೆ ಸೀಳುತ್ತಲೇ ಇತ್ತು.

ಕಾರಣ ಹಳ್ಳದ ಆಚೆಗಿತ್ತು. ಆಚೆ ಕೇರಿಯ ಹೆಂಗಸರು ಗಡ್ಡೆ ಕೀಳುತ್ತ ಹಾಡುತ್ತಿದ್ದರು. ಒಬ್ಬಳು ಎತ್ತಿಕೊಡುವುದು, ಉಳಿದವರು ಹಿಡಿದುಕೊಂಡು ಹೋಗುವುದು. ಎತ್ತಿಕೊಡುತ್ತಿದ್ದವಳು ಅವಳ ವಾರಗಿತ್ತಿ, ಮೈದುನನ ಹೆಂಡತಿ. ಅತ್ತೆ ಸತ್ತು, ಮನೆ ಪಾಲಾಗಿ, ಮೈದುನನ ಸಂಸಾರ ಹಳ್ಳದಾಚೆಗೆ ಹೋಗಿ ಎಷ್ಟೋ ಕಾಲವಾಗಿದ್ದರೂ ಊರಿನ ಬಾಯಲ್ಲಿ ಅವರಿಬ್ಬರೂ ಇನ್ನೂ ದೊಡ್ಡಸೊಸೆ, ಚಿಕ್ಕಸೊಸೆಯೇ.

"ಕೇಳ್ತಾ ಇದೀರಾ?" ಎಂದಳು ದೊಡ್ಡಸೊಸೆ, ಪಕ್ಕದ ಸಾಲಿನಲ್ಲಿ ಗಡ್ಡೆ ಆಯುತ್ತಿದ್ದ ಗಂಡನಿಗೆ. "ಇದಕ್ಕೆ ಹಾಡು ಅಂತಾರಂತೆ."

"ಚೆನ್ನಾಗೇ ಇದೆಯಲ್ಲ," ಎಂದ ಅವನು. ಪಾಪ, ಅವನಿಗೆ ಯಾವತ್ತೂ ಹೊತ್ತುಗೊತ್ತು ತಿಳಿಯದು.

"ಚೆನ್ನಾಗಿದೆ! ಅತ್ತೆ ಇದ್ದಾಗ ಇವಳು ಬಾಯಿ ಬಿಟ್ರೆ ಏನನ್ನೋರು, ಮರೆತುಹೋಯ್ತಾ? 'ಸುಮ್ಮನಿರೇ ತಾಯಿ, ಹಸು ಬೆದರುತ್ತೆ' ಅನ್ನೋರು."

ಆ ಮಾತು ಸುಳ್ಳಲ್ಲ. ಹಸು ಹಾಲು ಬಿಡದೆ ಮೊಂಡು ಹಿಡಿದಾಗ ಅತ್ತೆ ಕೂಗಿ ಕರೆಯುತ್ತಿದ್ದುದು ದೊಡ್ಡಸೊಸೆಯನ್ನು. ಅವಳು ಕೊಟ್ಟಿಗೆಯ ಕಂಬಕ್ಕೊರಗಿ ಸಣ್ಣಗೆ ಹಾಡಿದರೆ ಹಸು ಕಿವಿ ಇಳಿಬಿಟ್ಟು ನಿಲ್ಲುತ್ತಿತ್ತು. ದಾರಿಯಲ್ಲಿ ಹೋಗುವವರೂ ನಿಲ್ಲುತ್ತಿದ್ದರು. ದನಿ ಎಂದರೆ ದೊಡ್ಡಸೊಸೆಯದು ಎಂದು ಊರಿಗೆಲ್ಲ ಗೊತ್ತಿದ್ದ ವಿಷಯ. ಹಾಗಿದ್ದೂ ಹಾಡು ಸಿಕ್ಕಿದ್ದು ಚಿಕ್ಕಸೊಸೆಗೆ. ದೊಡ್ಡಸೊಸೆಗೆ ಸಿಕ್ಕಿದ್ದು ಬರೀ ಪ್ರಶ್ನೆ.

ಹೋದ ಚಳಿಗಾಲದ ಆರಂಭದಲ್ಲಿ ವಿಶ್ವವಿದ್ಯಾಲಯದಿಂದ ಒಬ್ಬ ಹೆಂಗಸು ಬಂದಿದ್ದಳು. ಬಾಗಿಲು ಸೊಟ್ಟಗಾದ ಒಂದು ಸಣ್ಣ ಕಾರು, ಹೆಗಲಿಗೊಂದು ಚೀಲ, ಬುತ್ತಿ ಅವಳದೇ. ಎರಡೂ ಕೇರಿಯ ಹೆಂಗಸರನ್ನು ಹಳ್ಳದ ಹಲಗೆ ಸೇತುವೆಯ ಹತ್ತಿರ ಕೂಡಿಸಿ ಮಾತಾಡಿದಳು. ಕಲೆಗೆ ಹಣ ಕೊಡುವ ಒಂದು ಸಂಸ್ಥೆ ಇದೆಯಂತೆ. ಹಾಡು, ನಾಟಕ, ಚಿತ್ರ ಇವುಗಳಿಂದ ಜನರ ಬಾಳಿಗೆ ನಿಜಕ್ಕೂ ಒಳ್ಳೆಯದಾಗುತ್ತದೋ ಇಲ್ಲವೋ ಎಂದು ಅವರಿಗೆ ತಿಳಿಯಬೇಕಂತೆ. ಅದನ್ನು ಕಂಡುಹಿಡಿಯಲು ಅವಳಿಗೆ ಗ್ರಾಂಟು ಕೊಟ್ಟಿದ್ದಾರಂತೆ.

"ಒಂದು ಕೇರೀಲಿ ವರ್ಷವಿಡೀ ಗುಂಪಾಗಿ ಹಾಡೋದು ಕಲಿಸ್ತೀವಿ. ಇನ್ನೊಂದು ಕೇರೀಲಿ ಏನೂ ಮಾಡಲ್ಲ. ಎರಡೂ ಕಡೆ ತಿಂಗಳಿಗೊಮ್ಮೆ ಅದೇ ಪ್ರಶ್ನೆ ಕೇಳ್ತೀವಿ. ಹಾಡಿದವರು ಹಾಡದವರಿಗಿಂತ ನೆಮ್ಮದಿಯಾಗಿದ್ರೆ ಗ್ರಾಂಟು ಮುಂದುವರಿಯುತ್ತೆ. ಆಗ ಮುಂದಿನ ವರ್ಷ ಆ ಇನ್ನೊಂದು ಕೇರಿಗೂ ಹಾಡು."

"ಏನೂ ಮಾಡಲ್ಲ ಅಂದ್ರೆ ನಾವೇನ್ಮಾಡಬೇಕು?" ಎಂದು ಕೇಳಿದವಳು ಈಚೆ ಕೇರಿಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದ ಟೈಲರಮ್ಮ.

"ಹೇಗಿದ್ದೀರೋ ಹಾಗೇ ಇದ್ರೆ ಸಾಕು."

"ಹಾಗೇ ಇರೋದಕ್ಕೂ ದುಡ್ಡು ಖರ್ಚು ಮಾಡ್ತಾರಾ! ನಮ್ಮ ಯಜಮಾನ್ರು ಇದೇ ಕೆಲಸ ಪುಕ್ಕಟೆ ಮಾಡ್ಕೊಂಡು ಬಂದಿದಾರೆ," ಎಂದಳು ಟೈಲರಮ್ಮ. ಎಲ್ಲರೂ ನಕ್ಕರು. ಹಾಡು ಯಾವ ಕೇರಿಗೆ ಎಂದು ನಾಣ್ಯ ಚಿಮ್ಮಿದರು. ಅದು ಮಣ್ಣಿನಲ್ಲಿ ಬಿದ್ದು ಆಚೆ ಕೇರಿಯ ಕಡೆಗೆ ಮುಖ ಮಾಡಿತು.

ಅವತ್ತಿನಿಂದ ವಾರಕ್ಕೆರಡು ಸಂಜೆ ಆಚೆ ದಡದ ಹಳೆಯ ಹಾಲಿನ ಶೆಡ್ಡಿನಲ್ಲಿ ದೀಪ ಹತ್ತತೊಡಗಿತು. ಹಾಡಿನ ಮೇಷ್ಟ್ರು ಬಸ್ಸಿಳಿದು ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಬರುವುದು, ಹೆಂಗಸರು ಮುಖ ತೊಳೆದು ತಲೆ ಬಾಚಿ ಹೋಗುವುದು, ಎಲ್ಲ ಈಚೆ ಜಗಲಿಯಿಂದ ಕಾಣುತ್ತಿತ್ತು. ಮೊದಮೊದಲು ಈಚೆಯವರು ಕೇಳಿಸಿಕೊಂಡು ನಗುತ್ತಿದ್ದರು. ಆಮೇಲೆ ಆಚೆಯವರು ಸುಮಾರಾಗಿ ಹಾಡತೊಡಗಿದರು. ಆಗ ನಗು ನಿಂತಿತು.

ವಿಶ್ವವಿದ್ಯಾಲಯದ ಹೆಂಗಸಿಗೆ ಈಚೆ ಕೇರಿಯವರು ಪ್ರಶ್ನೆ ಮೇಡಂ ಎಂದು ಹೆಸರಿಟ್ಟರು. ಆಕೆ ತಿಂಗಳು ತಿಂಗಳು ಬಂದು ದೊಡ್ಡಸೊಸೆಯ ಜಗಲಿಯ ಮೇಲೆ ಕೂತು ಒಬ್ಬೊಬ್ಬರನ್ನೇ ಕರೆದು ಕೇಳುತ್ತಿದ್ದಳು. ಹೋದ ವಾರ ಎಷ್ಟು ರಾತ್ರಿ ಚೆನ್ನಾಗಿ ನಿದ್ದೆ ಬಂತು? ಇದ್ದಕ್ಕಿದ್ದ ಹಾಗೆ ಕಷ್ಟ ಬಂದರೆ ಎಷ್ಟು ಮನೆಯ ಬಾಗಿಲು ತಟ್ಟಬಹುದು? ನಿಮ್ಮ ಮಾತನ್ನು ಕಿವಿಗೊಟ್ಟು ಕೇಳುವವರು ಇದ್ದಾರೆ ಅನ್ನಿಸುತ್ತದೆಯೇ, ಹತ್ತಕ್ಕೆ ಎಷ್ಟು?

ಮೊದಲ ಸಲ ದೊಡ್ಡಸೊಸೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಎರಡನೆಯ ಸಲಕ್ಕೆ ಮೊದಲು ಒಂದು ದಿನ, ಹಳ್ಳದ ಕಲ್ಲಿನ ಮೇಲೆ ಬಟ್ಟೆ ಒಗೆಯುವಾಗ ಚಿಕ್ಕಸೊಸೆ ಸಿಕ್ಕಳು.

"ಅಕ್ಕಾ, ನಂಗೀಗ ನಿದ್ದೆ ಬರ್ತಿದೆ," ಎಂದಳು, ಯಾರೋ ಬಂಗಾರ ಕೊಟ್ಟ ಹಾಗೆ. "ಹಾಡಿ ಬಂದು ಮಲಗಿದ್ರೆ ಬೆಳಗ್ಗೆ ಕೋಳಿನೇ ಎಬ್ಬಿಸಬೇಕು. ಮೇಡಂಗೆ ಅದನ್ನೇ ಹೇಳಿದೆ."

ದೊಡ್ಡಸೊಸೆ ಸೀರೆಯನ್ನು ಕಲ್ಲಿಗೆ ಬಡಿದ ಬಡಿತಕ್ಕೆ ಅಂಚು ಕಿತ್ತುಬಂತು. ಹೊಟ್ಟೆಯಲ್ಲಿ ಒಂದು ಕೆಂಡ ಬಿದ್ದಂತಾಯಿತು. ಅವಳಿಗೆ ನಿದ್ದೆ ಹತ್ತದೆ ಎಷ್ಟೋ ಕಾಲವಾಗಿತ್ತು. ಮಗಳು ಮದುವೆಯಾಗಿ ಹೋದಮೇಲೆ ಮನೆಯಲ್ಲಿ ಸಂಜೆ ದೀಪ ಹಚ್ಚಿದರೆ ಆಡಲು ಮಾತಿರಲಿಲ್ಲ. ಗಂಡ ಉಂಡು ಮಗ್ಗುಲಾದರೆ ಕಲ್ಲು. ಅವಳು ಸೂರು ನೋಡುತ್ತ ಮಲಗುತ್ತಿದ್ದಳು. ಈಗ ಆ ಹೊತ್ತಿನಲ್ಲಿ ಹಳ್ಳದಾಚೆಯಿಂದ ಹಾಡು ಬೇರೆ ಬರುತ್ತಿತ್ತು.

ಪ್ರಶ್ನೆ ಮೇಡಂ ಬಂದಾಗ ದೊಡ್ಡಸೊಸೆ ನೆಟ್ಟಗೆ ಕೂತಳು.

"ಎಷ್ಟು ರಾತ್ರಿ ನಿದ್ದೆ ಬಂತು?"

"ದಿನಾ. ಏನೂ ಕೊರತೆಯಿಲ್ಲ."

"ಕಷ್ಟ ಅಂದ್ರೆ ಎಷ್ಟು ಮನೆ ಬಾಗಿಲು ತಟ್ಟಬಹುದು?"

"ಈ ಕೇರೀಲಿ ಯಾವ ಮನೇದಾದ್ರೂ ತಟ್ಟಿ. ತೆಗೀದಿದ್ರೆ ಕೇಳಿ."

ಮೇಡಂ ಹುಬ್ಬೇರಿಸಿ ಬರೆದುಕೊಂಡಳು. ಆಕೆ ಎದ್ದು ಕೈಕಾಲು ತೊಳೆಯಲು ಹೋದಾಗ ದೊಡ್ಡಸೊಸೆ ಸರದಿಯಲ್ಲಿ ಕಾಯುತ್ತಿದ್ದವರ ಕಡೆ ತಿರುಗಿದಳು. "ನೋಡ್ರೇ, ಆಚೆಯವರು ಸುಖವಾಗಿದೀವಿ ಅಂತ ಹೇಳ್ತಿದಾರಂತೆ. ಹೊರಗಿನವರ ಮುಂದೆ ನಮ್ಮ ಕೇರಿ ಗೋಳು ತೋಡಿಕೊಂಡು ಮೂಗು ಕೊಯ್ಸಿಕೋಬೇಡಿ."

"ನಂಗೇನು ಹೇಳಿಕೊಡ್ತೀರಿ," ಎಂದಳು ಟೈಲರಮ್ಮ. "ಹತ್ತಕ್ಕೆ ಹನ್ನೆರಡು ಹಾಕ್ಕೊಳಿ ಅಂತೀನಿ."

ಹಾಗೆ ಈಚೆ ಕೇರಿಯಲ್ಲಿ ತಿಂಗಳಿಂದ ತಿಂಗಳಿಗೆ ಸುಖ ಹೆಚ್ಚುತ್ತ ಹೋಯಿತು. ಗಂಡನೊಡನೆ ಪಾತ್ರೆ ಎಸೆದಾಡಿಕೊಂಡು ಬಂದವಳೂ ಜಗಲಿ ಹತ್ತಿದ ಕೂಡಲೆ ಸೆರಗು ಸರಿಮಾಡಿಕೊಂಡು ಒಂಬತ್ತು ಎನ್ನುತ್ತಿದ್ದಳು. ಬೇಲಿಯ ವಿಷಯಕ್ಕೆ ಮಾತು ಬಿಟ್ಟ ಇಬ್ಬರು ಒಬ್ಬರ ಮನೆಯನ್ನೊಬ್ಬರು ಲೆಕ್ಕಕ್ಕೆ ಸೇರಿಸುತ್ತಿದ್ದರು. ಇದರಲ್ಲಿ ಮೋಸವಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ಮನೆಯ ಮಾನ ಕಾಪಾಡುವುದು ಮೋಸವೇ? ದೊಡ್ಡಸೊಸೆಗೆ ಮಾತ್ರ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಅನ್ನಿಸಿದಾಗಲೆಲ್ಲ ಆಚೆಯಿಂದ ವಾರಗಿತ್ತಿಯ ದನಿ ತೇಲಿ ಬರುತ್ತಿತ್ತು, ಅನ್ನಿಸಿದ್ದು ಸುಟ್ಟುಹೋಗುತ್ತಿತ್ತು.

ಈ ಉರಿಯಲ್ಲೇ ಮುಯ್ಯಿಯೂ ಉಳಿದುಬಿಟ್ಟಿತ್ತು. ಹೋದ ವರ್ಷ ಗಡ್ಡೆ ಕೀಳುವ ಹೊತ್ತಿಗೆ ಸರಿಯಾಗಿ ದೊಡ್ಡಸೊಸೆ ಕೊಟ್ಟಿಗೆಯಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಳು. ಚಿಕ್ಕಸೊಸೆ ಕರೆಯದೆಯೇ ಗುದ್ದಲಿ ಹೊತ್ತು ಬಂದು ಇಡೀ ಹೊಲ ಕಿತ್ತು ಚೀಲ ಕಟ್ಟಿಕೊಟ್ಟಿದ್ದಳು. ಅಂಥ ದುಡಿಮೆಗೆ ಕೂಲಿ ಕೊಡುವಂತಿಲ್ಲ, ದುಡಿಮೆಯನ್ನೇ ತಿರುಗಿಸಬೇಕು. ಅದೇ ಮುಯ್ಯಿ. ಕಳೆ ತೆಗೆಯುವಾಗ ತಿರುಗಿಸಬಹುದಿತ್ತು, ಮಣ್ಣೇರಿಸುವಾಗ ತಿರುಗಿಸಬಹುದಿತ್ತು. ಪ್ರತಿಸಲ ಅವಳು ಸೇತುವೆಯ ತನಕ ಹೋಗಿ ವಾಪಸು ಬಂದಿದ್ದಳು.

ಇವತ್ತು ಮಧ್ಯಾಹ್ನ ಇಳಿಯುವ ಹೊತ್ತಿಗೆ ಆಚೆಯ ಹಾಡು ನಡುವೆಯೇ ನಿಂತಿತು. ಸ್ವಲ್ಪ ಹೊತ್ತಿಗೆ ಸೇತುವೆಯ ಹಲಗೆ ಕಿರುಗುಟ್ಟಿತು. ಚಿಕ್ಕಸೊಸೆ ಮಣ್ಣುಗೈಯಲ್ಲೇ ಬಂದು ಬದುವಿನ ಮೇಲೆ ಕುಕ್ಕರಿಸಿದಳು.

"ಅಕ್ಕಾ, ಹಾಡು ಮುಗೀತು."

"ಯಾಕೆ, ಮೇಷ್ಟ್ರಿಗೆ ಗಂಟಲು ಕಟ್ಟಿತಾ?"

"ಗ್ರಾಂಟು ನಿಲ್ಲಿಸ್ತಾರಂತೆ. ಈಗಷ್ಟೇ ಮೇಡಂ ನಮ್ಮ ಕೇರಿಗೆ ಬಂದು ಹೇಳಿದ್ರು. ವರ್ಷ ಹಾಡಿದ್ದಕ್ಕೆ ನಮ್ಮಲ್ಲಿ ಏನೋ ಸ್ವಲ್ಪ ಒಳ್ಳೇದಾಗಿದೆ. ಆದ್ರೆ ಹಾಡದೇ ಇರೋ ನಿಮ್ಮಲ್ಲಿ ಇನ್ನೂ ಜಾಸ್ತಿ ಒಳ್ಳೇದಾಗಿದೆಯಂತೆ. ಹಾಗಿದ್ಮೇಲೆ ಹಾಡಿಗೆ ದುಡ್ಡು ಯಾಕೆ ಅಂತ ಕೊಡೋರು ಕೇಳಿದಾರೆ."

ದೊಡ್ಡಸೊಸೆಯ ಬಾಯಲ್ಲಿ ಸಕ್ಕರೆ ಕರಗಿದಂತಾಯಿತು. ಎಷ್ಟು ತಿಂಗಳಿಂದ ಕಾದ ಸುಖ! ಇನ್ನು ಆ ಶೆಡ್ಡಿನಲ್ಲಿ ದೀಪವಿಲ್ಲ, ಇವಳು ತಲೆ ಬಾಚಿಕೊಂಡು ಹೋಗುವುದಿಲ್ಲ. ಮುಖ ಕಾಣದಿರಲೆಂದು ಅವಳು ಬಗ್ಗಿ ಗಡ್ಡೆಯ ಮಣ್ಣು ಉಜ್ಜಿದಳು.

"ನಮ್ಮದು ಹೋದ್ರೆ ಹೋಗ್ಲಿ," ಎಂದಳು ಚಿಕ್ಕಸೊಸೆ. "ಒಂದು ವರ್ಷ ಹಾಡಿದ್ವಿ. ನಿಮ್ಮ ಸರದಿ ತಪ್ಪಿತಲ್ಲ, ಅದು ನಂಗೆ ತಡಕೊಳ್ಳೋಕಾಗ್ತಿಲ್ಲ. ಮೇಷ್ಟ್ರಿಗೆ ಎಷ್ಟು ಸಲ ಹೇಳಿದೀನಿ ಗೊತ್ತಾ, ನಿಜವಾದ ದನಿ ಹಳ್ಳದ ಆಚೆ ಇದೆ, ನಮ್ಮಕ್ಕ ಬರ್ಲಿ ತಾಳಿ, ನನ್ನ ನೀವೇ ಹಿಂದಿನ ಸಾಲಿಗೆ ಅಟ್ತೀರಿ ಅಂತ."

ದೊಡ್ಡಸೊಸೆಯ ಕೈ ನಿಂತಿತು.

"ಒಂದು ಮಾತು ಅಕ್ಕಾ. ನಿಂಗೆ ದಿನಾ ನಿದ್ದೆ ಬರ್ತಿದೆಯಂತೆ? ಮೇಡಂ ನಿನ್ನ ಹೆಸರು ಹೇಳ್ಲಿಲ್ಲ, ಈಚೆ ಕೇರೀಲಿ ಎಲ್ಲರಿಗೂ ಅಂದ್ರು. ಹೋಗ್ಲಿ, ಅದಾದ್ರೂ ಆಯ್ತಲ್ಲ. ಅತ್ತೆ ಹೋದಾಗಿಂದ ನೀನು ಮಲಗೋದೇ ಇಲ್ಲ ಅಂತ ನಂಗೆ ಯೋಚನೆಯಾಗಿತ್ತು."

ಅವಳು ಎದ್ದು ಹೋದಳು. ದೊಡ್ಡಸೊಸೆ ಉಜ್ಜಿದ ಗಡ್ಡೆಯನ್ನೇ ಉಜ್ಜುತ್ತ ಕೂತಳು. ನಾಲಗೆಯ ಮೇಲಿನ ಸಕ್ಕರೆ ಎಲ್ಲಿ ಹೋಯಿತೋ. ಎದುರಿನವರಿಗೆ ಅಪಶಕುನವಾಗಲಿ ಎಂದು ಮೂಗು ಕೊಯ್ದುಕೊಂಡವಳ ಕತೆಯನ್ನು ಅತ್ತೆ ಹೇಳುತ್ತಿದ್ದಳು. ಕೇಳುವಾಗೆಲ್ಲ ದೊಡ್ಡಸೊಸೆ ಬಿದ್ದು ಬಿದ್ದು ನಗುತ್ತಿದ್ದಳು. ಹಾಗೆ ಯಾರಾದರೂ ಮಾಡುತ್ತಾರೆಯೇ ಎಂದು.

ಗುದ್ದಲಿ ಅಲ್ಲೇ ಬಿಟ್ಟು ಟೈಲರಮ್ಮನ ಮನೆಗೆ ಹೋದಳು. ಟೈಲರಮ್ಮ ಮಿಷನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ವಿಷಯ ಕೇಳಿ ದಾರ ಬಿಟ್ಟಳು.

"ಅಯ್ಯೋ, ಹಾಗಾದ್ರೆ ನಮ್ಮ ಹಾಡೂ ಹೋಯ್ತಾ?"

"ಹೋಗಿ ಮೇಡಂಗೆ ಹೇಳೋಣ ಬಾ. ನಾವು ಹೇಳಿದ್ದು ನಿಜ ಅಲ್ಲ ಅಂತ."

"ನಾನು ಬರಲ್ಲಮ್ಮ. ಹತ್ತಕ್ಕೆ ಹತ್ತು ಸುಖ ಅಂತ ಹೇಳಿ, ಈಗ ಹೋಗಿ ಮೂರು ಅನ್ನಲಾ? ನಮ್ಮ ಯಜಮಾನ್ರು ಕೇಳಿದ್ರೆ ಆ ಮೂರೂ ಉಳಿಯಲ್ಲ." ದಾರವನ್ನು ಮತ್ತೆ ಎತ್ತಿಕೊಂಡು, "ಶುರು ಮಾಡಿದ್ದು ನೀವೇ ಅಲ್ವಾ," ಎಂದಳು.

ದೊಡ್ಡಸೊಸೆ ಒಬ್ಬಳೇ ಸೇತುವೆಯ ಕಡೆ ನಡೆದಳು.

ಪ್ರಶ್ನೆ ಮೇಡಂ ಸೇತುವೆಯ ಈಚೆ ನಿಲ್ಲಿಸಿದ್ದ ಕಾರಿನ ಸೊಟ್ಟ ಬಾಗಿಲನ್ನು ಎಳೆಯುತ್ತಿದ್ದಳು. ಅದು ಬರುತ್ತಿರಲಿಲ್ಲ. ದೊಡ್ಡಸೊಸೆ ಹೋಗಿ ಕೆಳಗಿನಿಂದ ಎತ್ತಿಕೊಟ್ಟಳು. ಬಾಗಿಲು ತೆರೆಯಿತು.

"ನಿಮ್ಮ ಹತ್ರಾನೇ ಬರೋಣ ಅಂತಿದ್ದೆ, ಹೇಳಿ ಹೋಗೋಕೆ," ಎಂದಳು ಮೇಡಂ. ಅವಳ ಮುಖ ಬಾಡಿತ್ತು.

"ನನ್ನ ಇನ್ನೊಂದು ಸಲ ಕೇಳಿ."

"ಏನನ್ನ?"

"ನಿದ್ದೆ ಬರುತ್ತಾ ಅಂತ. ಕೇಳ್ತೀರಲ್ಲ, ಅದನ್ನ."

ಮೇಡಂ ಅವಳನ್ನು ನೋಡಿದಳು. ಪುಸ್ತಕ ತೆಗೆಯಲಿಲ್ಲ. "ಹೋದ ವಾರ ಎಷ್ಟು ರಾತ್ರಿ ನಿದ್ದೆ ಬಂತು?"

"ಒಂದೂ ಇಲ್ಲ. ಬೆಳಗಿನ ಜಾವ ಕಣ್ಣು ಮುಚ್ಚುತ್ತೆ, ಅಷ್ಟೆ. ವರ್ಷದಿಂದ ಹಾಗೇ. ಅದಕ್ಕೂ ಮುಂಚಿನಿಂದ ಹಾಗೇ."

"ಕಷ್ಟ ಬಂದ್ರೆ ಎಷ್ಟು ಮನೆ ಬಾಗಿಲು ತಟ್ಟಬಹುದು?"

ದೊಡ್ಡಸೊಸೆ ತನ್ನ ಕೇರಿಯನ್ನು ಒಮ್ಮೆ ನೋಡಿದಳು. ಸಾಲಾಗಿ ಬಾಗಿಲುಗಳಿದ್ದವು. "ಒಂದು."

"ಯಾರದು?"

ಅವಳು ಗದ್ದವನ್ನು ಹಳ್ಳದ ಆಚೆಗೆ ತಿರುಗಿಸಿದಳು.

ಮೇಡಂ ಚೀಲವನ್ನು ಕಾರಿನ ಮೇಲಿಟ್ಟಳು. ಅವಳಿಗೆ ಅರ್ಥವಾಗುತ್ತ ಬಂದಂತೆ ಕುತ್ತಿಗೆ ಕೆಂಪಾಯಿತು. "ಎಲ್ಲರೂ ಹೀಗೇ ಸುಳ್ಳು ಹೇಳಿದಾರಾ?"

"ಬೇರೆಯವರದು ನಾನು ಹೇಳಬಾರದು. ಶುರು ಮಾಡಿದವಳು ನಾನು."

"ಯಾಕೆ? ನಾನು ನಿಮಗೇನು ಮಾಡಿದ್ದೆ? ಇದು ನನ್ನ ಒಂದು ವರ್ಷದ ಕೆಲಸ. ಇದರ ಮೇಲೆ ನನ್ನ ನೌಕರಿ ನಿಂತಿದೆ." ದನಿ ಏರಿತು. "ಹಾಡು ಬೇಕಾಗಿತ್ತು ಅಂದ್ರೆ ಹಾಡಬಹುದಿತ್ತಲ್ಲ!"

"ನೀವು ಹೇಗಿದ್ದೀರೋ ಹಾಗೇ ಇರಿ ಅಂದ್ರಿ," ಎಂದಳು ದೊಡ್ಡಸೊಸೆ. "ಹಾಗೇ ಇದ್ದೆ. ಅವಳು ಹಾಡೋದು ಕೇಳಿಸ್ತಿತ್ತು. ಹೊಟ್ಟೆ ಉರೀತಿತ್ತು. ಅದೊಂದನ್ನ ನೀವು ಕೇಳಲೇ ಇಲ್ಲ."

ಮೇಡಂ ಕಾರಿಗೆ ಒರಗಿದಳು. ಆಮೇಲೆ ಹೇಳಿದಳು, ಈಗ ದನಿಯಲ್ಲಿ ಸಿಟ್ಟಿಗಿಂತ ದಣಿವಿತ್ತು: "ನಾನು ಬರೆದು ಕಳಿಸ್ತೀನಿ. ಈಚೆ ಕೇರಿ ಉತ್ತರ ನಂಬೋ ಹಾಗಿಲ್ಲ, ಮತ್ತೆ ಕೇಳೋಕೆ ಅವಕಾಶ ಕೊಡಿ ಅಂತ. ಆದ್ರೆ ಅವರು ಮೊದಲು ಕೇಳೋದೇ ಇದು: ಈಚೆಯವರು ಸುಳ್ಳು ಹೇಳಿದ್ರೆ ಆಚೆಯವರೂ ಹೇಳಿರಬಹುದಲ್ಲ? ಆಚೆಯವರಿಗೆ ನಿಜವಾಗಿ ಒಳ್ಳೇದಾಗಿದೆ ಅಂತ ಏನು ಗ್ಯಾರಂಟಿ?"

ಒಂದು ಕ್ಷಣ ದೊಡ್ಡಸೊಸೆಯ ಮುಂದೆ ದಾರಿ ಎರಡಾಗಿ ಸೀಳಿತು. 'ಹೇಳಿದ್ರೂ ಹೇಳಿರಬಹುದು, ಯಾರಿಗೆ ಗೊತ್ತು' ಎಂದರೆ ಸಾಕಿತ್ತು. ತಾನೊಬ್ಬಳೇ ಸುಳ್ಳಿಯಾಗುವುದು ತಪ್ಪುತ್ತಿತ್ತು, ಶೆಡ್ಡಿನ ದೀಪವೂ ಆರಿಯೇ ಇರುತ್ತಿತ್ತು. ಕೆಂಡ ಇನ್ನೂ ಒಳಗೆ ಇತ್ತು. ಅದು ಎಲ್ಲಿಗೂ ಹೋಗಿರಲಿಲ್ಲ.

"ನನ್ನ ವಾರಗಿತ್ತಿಗೆ ಸುಳ್ಳು ಹೇಳೋಕೆ ಬರಲ್ಲ ಮೇಡಂ," ಎಂದಳು. "ಹಾಡೋಕೂ ಸರಿಯಾಗಿ ಬರಲ್ಲ. ಆದ್ರೆ ನಿದ್ದೆ ಬರ್ತಿದೆ ಅಂದಿದ್ರೆ ಬರ್ತಿದೆ ಅಂತಲೇ. ಅದಕ್ಕೇ ನಂಗೆ ಅವಳನ್ನ ಕಂಡ್ರೆ ಆಗಲ್ಲ."

ಮೇಡಂ ಈ ಸಲ ಪುಸ್ತಕ ತೆಗೆದು ಬರೆದುಕೊಂಡಳು. "ಗ್ರಾಂಟು ಸಿಗುತ್ತೆ ಅಂತ ಹೇಳಲ್ಲ," ಎಂದಳು ಕಾರು ಹತ್ತುತ್ತ. ಬಾಗಿಲನ್ನು ದೊಡ್ಡಸೊಸೆಯೇ ಎತ್ತಿ ಮುಚ್ಚಿದಳು.

ಮಾರನೆಯ ಬೆಳಿಗ್ಗೆ ತನ್ನ ಹೊಲದ ಕೆಲಸವನ್ನು ಅರ್ಧಕ್ಕೆ ಬಿಟ್ಟು, ಗುದ್ದಲಿ ಹೆಗಲಿಗೇರಿಸಿ ಅವಳು ಸೇತುವೆ ದಾಟಿದಳು. ಚಿಕ್ಕಸೊಸೆ ಹೊಲದಲ್ಲಿ ಒಬ್ಬಳೇ ಇದ್ದಳು. "ಬಾ ಅಕ್ಕಾ," ಎಂದು ಮುಖವರಳಿಸಿದಳು. ದೊಡ್ಡಸೊಸೆ ಮೊದಲು ಒಂದು ಸಾಲು ಕಿತ್ತಳು. ಬಗ್ಗಿದ ತಲೆ ಎತ್ತದೆಯೇ, ಮಣ್ಣಿಗೆ ಹೇಳಿದ ಹಾಗೆ ಎಲ್ಲವನ್ನೂ ಹೇಳಿದಳು.

ಚಿಕ್ಕಸೊಸೆಯ ಗುದ್ದಲಿ ಒಮ್ಮೆ ನಿಂತಿತು. ಮತ್ತೆ ನಡೆಯತೊಡಗಿತು. ಮಾತಿಲ್ಲ. ಬಯ್ಗುಳವೂ ಇಲ್ಲ. ಬಯ್ದಿದ್ದರೆ ದೊಡ್ಡಸೊಸೆಗೆ ತಿರುಗಿ ಒಂದು ಮಾತಾಡಲು ದಾರಿಯಾಗುತ್ತಿತ್ತು. ಬಿಸಿಲು ನೆತ್ತಿಗೇರಿತು. ಬುತ್ತಿ ಬಿಚ್ಚಿ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತು ಉಂಡರು. ಆದರೆ ಚಿಕ್ಕಸೊಸೆ ನೀರಿನ ಚೊಂಬನ್ನು ತಾನು ಕುಡಿಯುವ ಮೊದಲು ಹಿಂದಕ್ಕೆ ಸರಿಸಿದಳು.

ಮರುದಿನವೂ ಹೀಗೇ ನಡೆಯಿತು. ಎರಡನೆಯ ಸಂಜೆ ಕೊನೆಯ ಸಾಲು ಮುಗಿದಾಗ ದೊಡ್ಡಸೊಸೆ ಒಂದೂ ಗಡ್ಡೆ ಸೀಳಿರಲಿಲ್ಲ. ಚೀಲದ ಬಾಯಿ ಕಟ್ಟಿ, ಕೈ ಕೊಡವಿ ನಿಂತಳು. "ಅಷ್ಟೇ ಅಲ್ವಾ. ಮುಯ್ಯಿ ತೀರಿತು."

ಚಿಕ್ಕಸೊಸೆ ಆಗ ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಗಡ್ಡೆಯದು ತೀರಿತು," ಎಂದಳು. "ಇನ್ನೊಂದು ಹಾಗೇ ಇದೆ."

"ಅದನ್ನ ಹೇಗೆ ತೀರಿಸೋದು?"

"ನಂಗೇನು ಗೊತ್ತು. ಮಾಡಿದವಳು ನೀನು." ಮುಖ ತೊಳೆಯಲು ಹಳ್ಳದ ಕಡೆ ನಡೆದವಳು ತಿರುಗದೆಯೇ ಹೇಳಿದಳು: "ಮೇಷ್ಟ್ರು ಬರದಿದ್ರೂ ಇವತ್ತು ನಾವು ಸೇರ್ತೀವಿ. ಶೆಡ್ಡಿಗೆ ಬೀಗ ಇಲ್ಲ."

ಕತ್ತಲಾಗುವ ಮೊದಲು ಶೆಡ್ಡಿನಲ್ಲಿ ದೀಪ ಹತ್ತಿತು. ದೊಡ್ಡಸೊಸೆ ಸೇತುವೆಯ ಬುಡದಲ್ಲಿ ಕೂತು ಗುದ್ದಲಿಗೆ ಅಂಟಿದ ಮಣ್ಣು ತೊಳೆಯುತ್ತಿದ್ದಳು. ಒಳಗೆ ಚಿಕ್ಕಸೊಸೆ ಹಾಡು ಎತ್ತಿಕೊಂಡಳು. ತೀರ ಮೇಲಿನಿಂದ ಎತ್ತಿಕೊಂಡಳು. ಮೇಷ್ಟ್ರ ಪೆಟ್ಟಿಗೆಯಿಲ್ಲದೆ ಅಂದಾಜು ತಪ್ಪಿತ್ತು. ಇಷ್ಟು ಮೇಲೆ ಹಿಡಿದರೆ ಮೂರನೆಯ ಸಾಲಿಗೆ ದನಿ ಒಡೆಯುತ್ತದೆ ಎಂದು ದೊಡ್ಡಸೊಸೆಗೆ ಗೊತ್ತಿತ್ತು. ಕೈ ನಿಲ್ಲಿಸಿ ಕಾದಳು. ಮೂರನೆಯ ಸಾಲು ಬಂತು, ದನಿ ಒಡೆಯಿತು, ಹೆಂಗಸರು ನಕ್ಕರು.

ಅವಳಿಗೆ ಸ್ವಲ್ಪ ಖುಷಿಯಾಯಿತು. ಇಲ್ಲವೆಂದರೆ ಅದೂ ಒಂದು ಸುಳ್ಳಾದೀತು.

ಒಳಗೆ ಮತ್ತೆ ಶುರುವಾಯಿತು, ಮತ್ತೆ ಅಷ್ಟೇ ಮೇಲಿನಿಂದ. ಗುದ್ದಲಿ ಯಾವಾಗಲೋ ಶುಭ್ರವಾಗಿತ್ತು. ಅವಳು ಅದನ್ನು ತೊಳೆಯುತ್ತಲೇ ಇದ್ದಳು. ಹಾಡನ್ನು ಎಲ್ಲಿಂದ ಎತ್ತಿಕೊಳ್ಳಬೇಕೋ ಆ ಶ್ರುತಿ ಅವಳ ಗಂಟಲಿನಲ್ಲಿ ಆಗಲೇ ಬಂದು ಕೂತಿತ್ತು. ಮನೆಯ ದಾರಿ ಈಚೆಗಿತ್ತು, ತೀರದ ಸಾಲ ಆಚೆಗಿತ್ತು.